ಎದೆಯ ಮೇಲಿನ ಪ್ಲಾಸ್ಟರ್

ವಿಶ್ರಾಂತಿ ಎಂದರೇನೆಂದು ಇಡೀ ತಾಲೂಕಿಗೇ ತೋರಿಸಿಕೊಡುತ್ತೇನೆ! ಮಂಗಳೂರಿನ ಆಸ್ಪತ್ರೆಯಿಂದ ಪುಂಜಾಲಕಟ್ಟೆಯ ಮನೆಗೆ ಬಂದು ಕಾರಿನಿಂದ ಇಳಿಯುವಾಗಲೇ ನಾನು ಹೀಗೆಂದು ಘೋಷಿಸಿದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪೀಟಿ ಮಾಸ್ಟ್ರಾಗಿ ಸೀಟಿ ಊದಿದವನು ನಾನು. ಮಲಗಿದರೂ ಅಟೆನ್ಶನ್‌ನಲ್ಲೇ ಮಲಗುವವನು!

"ಮೊದಲು ಚಪ್ಪಲಿ ಬಿಟ್ಟು ಒಳಗೆ ಬನ್ನಿ," ಎಂದಳು ಹೆಂಡತಿ ಸುಂದರಿ. "ತಾಲೂಕಿಗೆ ಮತ್ತೆ ತೋರಿಸುವ."

ಕಾಯಿಲೆಯ ಹೆಸರು ಏಟ್ರಿಯಲ್ ಫಿಬ್ರಿಲೇಶನ್. ಬಿಡಿಸಿ ಹೇಳಿದರೆ, ಹೃದಯದ ತಾಳ ತಪ್ಪಿತ್ತು. ಊರ ಮಕ್ಕಳಿಗೆಲ್ಲ ಲೆಫ್ಟ್ ರೈಟ್ ಕಲಿಸಿದವನ ಹೃದಯವೇ ಹೆಜ್ಜೆ ತಪ್ಪಿ ಓಡುವುದೆಂದರೆ ಎಂಥ ಅವಮಾನ! ಡಾಕ್ಟರು ನನ್ನ ತೊಡೆಸಂದಿನಲ್ಲಿ ಒಂದು ಸಣ್ಣ ತೂತು ಮಾಡಿ, ರಕ್ತನಾಳದೊಳಗೆ ತೆಳ್ಳಗಿನ ನಳಿಗೆ ತೂರಿಸಿ, ಅದನ್ನು ಹೃದಯದವರೆಗೆ ಮುಟ್ಟಿಸಿ, ಅಲ್ಲಿ ತಪ್ಪು ಆರ್ಡರ್ ಕೊಡುತ್ತಿದ್ದ ಜಾಗಗಳನ್ನು ಸುಟ್ಟುಬಿಟ್ಟರು. ಇದಕ್ಕೆ ಎಬ್ಲೇಶನ್ ಎನ್ನುತ್ತಾರೆ. "ಎದೆಯ ಮೇಲೆ ಒಂದು ಗೀರೂ ಇಲ್ಲ ನೋಡಿ. ಆದರೆ ಕೆಲವು ವಾರ ಭಾರ ಎತ್ತಬೇಡಿ, ಏನನ್ನೂ ಎಳೆಯಬೇಡಿ, ರಕ್ತ ತೆಳು ಮಾಡುವ ಮಾತ್ರೆ ಬಿಡಬೇಡಿ," ಎಂದರು. ಗೀರಿಲ್ಲ ಎಂದು ನಾನೂ ಹಲ್ಲು ಬಿಟ್ಟೆ. ಆ ಗೀರಿಲ್ಲದ ಎದೆಯೇ ನನ್ನ ಮಾನ ಹರಾಜು ಹಾಕುತ್ತದೆಂದು ಯಾರಿಗೆ ಗೊತ್ತಿತ್ತು?

ಮೊದಲು ನೋಡಲು ಬಂದವನು ಪಕ್ಕದ ಮನೆಯ ನೋಣಯ್ಯ. ಕೈಯಲ್ಲಿ ಕದಳಿ ಬಾಳೆಯ ದೊಡ್ಡ ಚಿಪ್ಪು.

"ಎಲ್ಲಿ ಮಾಸ್ಟ್ರೇ, ತೋರಿಸಿ ನೋಡುವ."

"ಎಂಥದ್ದು?"

"ಹೊಲಿಗೆ ಮಾರಾಯ್ರೆ! ಹಾರ್ಟಿನ ಆಪರೇಷನ್ ಅಲ್ವಾ?"

ನಾನು ಶರ್ಟಿನ ಗುಂಡಿ ಬಿಚ್ಚಿದೆ. ನೋಣಯ್ಯ ಕನ್ನಡಕ ಹಾಕಿಕೊಂಡು ನೋಡಿದ, ತೆಗೆದು ನೋಡಿದ. "ಎಂಥದೂ ಇಲ್ಲ!" ಎಂದು ನಿಟ್ಟುಸಿರುಬಿಟ್ಟ. ಹೋಗುವಾಗ ತಂದ ಬಾಳೆಹಣ್ಣಿನಲ್ಲಿ ಅರ್ಧ ವಾಪಸು ಕೊಂಡುಹೋದ. ಸುಳ್ಳಲ್ಲ!

ಆಮೇಲೆ ಬಂದವರು ಪೇಟೆಯ ಜವಳಿ ಅಂಗಡಿಯ ಮಹಮ್ಮದ್ ಕುಂಞಿ. ಅವರದ್ದು ಬೈಪಾಸ್. ಕುತ್ತಿಗೆಯ ಕೆಳಗಿನಿಂದ ಹೊಟ್ಟೆಯ ಹತ್ತಿರದವರೆಗೆ ಬ್ಯಾಗಿನ ಝಿಪ್ಪಿನ ಹಾಗೆ ಗಾಯದ ಗುರುತು. ಗಿರಾಕಿ ಚೌಕಾಸಿಗೆ ನಿಂತರೆ ಅವರು ಮೇಲಿನ ಎರಡು ಗುಂಡಿ ಬಿಚ್ಚುತ್ತಾರೆ, ಗಿರಾಕಿ ಅವರು ಹೇಳಿದಷ್ಟು ಕೊಟ್ಟು ಹೋಗುತ್ತಾನೆ. ಅಂಥವರು ನನ್ನ ಗೀರಿಲ್ಲದ ಎದೆಯನ್ನು ಕರುಣೆಯಿಂದ ನೋಡಿದರು. ನಳಿಗೆ ತೂರಿಸಿ ಒಳಗಿನಿಂದಲೇ ಸುಟ್ಟದ್ದೆಂದು ನಾನು ವಿವರಿಸಿದೆ.

"ಇದು ಆಪರೇಷನ್ ಅಲ್ಲ ಮಾಸ್ಟ್ರೇ, ಚೆಕಪ್," ಎಂದರು. "ಹಾಗಾದರೆ ನಳಿಗೆ ಒಳಗೆ ಹೋದದ್ದು ಎಲ್ಲಿಂದ?"

ಇಲ್ಲೇ ನನ್ನ ಬಾಯಿ ಕಟ್ಟುತ್ತಿದ್ದದ್ದು. ಚಾವಡಿಯಲ್ಲಿ ಯಾವಾಗ ನೋಡಿದರೂ ಹೆಂಗಸರು, ನನ್ನ ಹಳೆಯ ವಿದ್ಯಾರ್ಥಿನಿಯರು, ಅವರ ಅತ್ತೆಯಂದಿರು! ಅವರ ಮುಂದೆ ತೊಡೆಸಂದು ಎಂಬ ಶಬ್ದವನ್ನು ಉಚ್ಚರಿಸುವುದುಂಟೇ? "ಅದು... ಕೆಳಗಿನಿಂದ..." ಎಂದು ತೊದಲಿದೆ. ಕುಂಞಿಯವರು ತಲೆಯಾಡಿಸಿ ಎದ್ದರು.

ವಾರ ಕಳೆಯುವುದರೊಳಗೆ ಪೇಟೆಯಲ್ಲಿ ತೀರ್ಪು ಹೊರಬಿತ್ತು. ಮಾಸ್ಟ್ರಿಗೆ ಆಪರೇಷನ್ನೂ ಇಲ್ಲ, ಎಂಥದೂ ಇಲ್ಲ! ಕೆಸರುಗದ್ದೆ ಕ್ರೀಡಾಕೂಟ ಹತ್ತಿರ ಬಂತಲ್ಲ, ಅದಕ್ಕೆ ಈ ನಾಟಕ! ಮದುವೆಯಾದವರಿಗೂ ಆಗದವರಿಗೂ ನಡೆಯುವ ಹಗ್ಗಜಗ್ಗಾಟದಲ್ಲಿ, ಸೊಂಟಕ್ಕೆ ಹಗ್ಗ ಸುತ್ತಿಕೊಂಡು ಕೊನೆಯಲ್ಲಿ ನಿಲ್ಲುವ ಕಂಬ ನಾನೇ. ಹೋದ ವರ್ಷ ಹುಡುಗರು ಆ ಕಂಬವನ್ನು ಬುಡಸಮೇತ ಕಿತ್ತು ಕೆಸರಿನಲ್ಲಿ ಅದ್ದಿದ್ದರು. ಈ ಸಲ ಹಗ್ಗ ಹಿಡಿಯದಿದ್ದರೆ ಹೇಡಿ, ಹಿಡಿದರೆ ಮತ್ತೆ ಆಸ್ಪತ್ರೆ!

ನಾನು ಹಳೆಯ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತೆರೆದೆ. ಹತ್ತಿ ಇಟ್ಟೆ, ಬಟ್ಟೆ ಇಟ್ಟೆ, ಎಡ ಎದೆಯ ಮೇಲೆ ಅಂಗೈ ಅಗಲದ ಪ್ಲಾಸ್ಟರ್ ಬಡಿದೆ.

"ಇದೆಂಥ ವೇಷ?" ಎಂದಳು ಸುಂದರಿ.

"ಮರ್ಯಾದೆಯ ಪ್ರಶ್ನೆ!"

"ಗಾಯ ಒಂದು ಕಡೆ, ಮರ್ಯಾದೆ ಇನ್ನೊಂದು ಕಡೆ. ತೊಡೆಯಲ್ಲಿ ತೂತು ಅಂತ ಒಂದು ಮಾತು ಹೇಳಿದ್ರೆ ಮುಗೀತು!"

"ಅದನ್ನು ಹೇಳುವ ಬದಲು ಹಗ್ಗ ಹಿಡಿಯುತ್ತೇನೆ!"

"ಸಿಕ್ಕಿಬಿದ್ದ ದಿನ ನನ್ನನ್ನು ಕರೀಬೇಡಿ," ಎಂದು ಅವಳು ಒಳಗೆ ಹೋದಳು.

ಪ್ಲಾಸ್ಟರಿನ ಮಹಿಮೆ ಏನೆಂದು ಹೇಳಲಿ! ಡಾಕ್ಟರು ಮಾಡಿದ್ದನ್ನು ನಂಬದ ಊರು ನಾನು ಅಂಟಿಸಿದ್ದನ್ನು ಕಣ್ಣುಮುಚ್ಚಿ ನಂಬಿತು. ಹಿಂದೆ ಕಾಣದ ಗಾಯ ಈಗ ಹೇಗೆ ಬಂತೆಂದು ಒಬ್ಬನೂ ಕೇಳಲಿಲ್ಲ. "ಒಳಗಿನದ್ದು ಹೊರಗೆ ಬಂದದ್ದಾಗಿರಬೇಕು," ಎಂದು ನೋಣಯ್ಯನೇ ಎಲ್ಲರಿಗೂ ವಿವರಿಸಿದ, ವಾಪಸು ಒಯ್ದ ಬಾಳೆಹಣ್ಣಿಗೆ ಬದಲು ಇಡೀ ಗೊನೆ ತಂದಿಟ್ಟ. ನಾನು ಕೆಮ್ಮಿದರೆ ಚಾವಡಿಯೇ ಎದ್ದು ನಿಲ್ಲುತ್ತಿತ್ತು!

ಯುವಕ ಮಂಡಲದ ಕಾರ್ಯದರ್ಶಿ ನಿತೇಶನೂ ಬಂದ. ನನ್ನದೇ ಶಿಷ್ಯ. ಡ್ರಿಲ್ಲಿನಲ್ಲಿ ಲೆಫ್ಟ್ ಎಂದರೆ ಬಲಗಾಲು ಎತ್ತುತ್ತಿದ್ದ ಪ್ರಾಣಿ! ಗುರುತಿಗೆ ಅವನ ಎಡಗೈಗೆ ಕರ್ಚೀಫು ಕಟ್ಟಿ ಮೈದಾನ ಸುತ್ತಿಸಿದ್ದೆ. ಅವನು ನನ್ನ ಪ್ಲಾಸ್ಟರನ್ನು ಭಕ್ತಿಯಿಂದ ನೋಡಿ, ಫೋಟೋ ಹೊಡೆದು, ಊರ ವಾಟ್ಸಾಪ್ ಗುಂಪಿಗೆ ಹಾಕಿದ.

"ಮಾಸ್ಟ್ರೇ, ಕೆಸರುಗದ್ದೆಯಲ್ಲಿ ನಿಮಗೊಂದು ಸನ್ಮಾನ ಉಂಟು."

ನಮ್ಮ ಕಡೆ ಶಾಲು ಹೊದೆಸಿಕೊಳ್ಳದೆ ಉಳಿದವರನ್ನು ಹುಡುಕುವುದೇ ಕಷ್ಟ. ನಾನೊಬ್ಬ ಉಳಿದಿದ್ದೆ. ಬೇಡವೆನ್ನಲು ಬಾಯಿ ತೆರೆದೆ, "ಎಷ್ಟು ಗಂಟೆಗೆ?" ಎಂಬ ಮಾತು ಹೊರಬಂತು.

ಆ ದಿನ ಬೆಳಿಗ್ಗೆ ಸ್ನಾನದಲ್ಲಿ ಪ್ಲಾಸ್ಟರ್ ಒದ್ದೆಯಾಗಿ ಕಿತ್ತುಬಂತು. ಹೊರಗೆ ಕಾರು ಹಾರ್ನ್ ಹೊಡೆಯುತ್ತಿತ್ತು. ಕನ್ನಡಿಯ ಮುಂದೆ ನಿಂತು ಹೊಸದೊಂದನ್ನು ಬಡಿದು, ಅದರ ಅಂಚು ಕಾಣುವ ಹಾಗೆ ಶರ್ಟಿನ ಮೇಲಿನ ಗುಂಡಿಗಳನ್ನು ಬಿಟ್ಟು ಹೊರಟೆ. ಸುಂದರಿ ನನ್ನನ್ನೊಮ್ಮೆ ನೋಡಿ ಏನೋ ಹೇಳಲು ಬಂದಳು. "ಮಾತು ಬೇಡ, ಲೇಟಾಯಿತು!" ಎಂದು ಗದರಿದೆ.

ಗದ್ದೆಯ ಬದಿಯಲ್ಲಿ ವೇದಿಕೆ, ಎದುರಿಗೆ ಮೊಣಕಾಲಿನವರೆಗೆ ಕೆಸರಾದ ಊರು. ಶಾಲು ಬಂತು, ಪೇಟ ಬಂತು, ಹಣ್ಣಿನ ಬುಟ್ಟಿ ಬಂತು. ನಿತೇಶ ಮೈಕಿನಲ್ಲಿ ಅಭಿನಂದನಾ ಪತ್ರ ಓದಿದ: "ಸಾವಿನೊಂದಿಗೆ ಹಗ್ಗಜಗ್ಗಾಟವಾಡಿ ಗೆದ್ದು ಬಂದ, ವಿಶಾಲ ಹೃದಯದ..."

ಹೃದಯ ಎನ್ನುವಾಗ ಅವನ ಕಣ್ಣು ನನ್ನ ಎದೆಯತ್ತ ಹೊರಳಿತು. ಓದು ನಿಂತಿತು. ಜೇಬಿನಿಂದ ಮೊಬೈಲು ತೆಗೆದು ನೋಡಿದ. ಮತ್ತೆ ನನ್ನನ್ನು ನೋಡಿದ.

"ಮಾಸ್ಟ್ರೇ," ಎಂದ, ಮೈಕಿನಲ್ಲೇ. "ನಿಮ್ಮ ಹೃದಯ ಮೊನ್ನೆ ಎಡಗಡೆ ಇತ್ತಲ್ಲ?"

ನಾನು ಕೆಳಗೆ ನೋಡಿಕೊಂಡೆ. ಪ್ಲಾಸ್ಟರ್ ಬಲಗಡೆ ಕೂತಿತ್ತು! ಮೂವತ್ತು ವರ್ಷ ಹುಡುಗರ ಸಾಲಿನ ಎದುರು ನಿಂತು, ನನ್ನ ಬಲಕ್ಕಿರುವುದು ಅವರ ಎಡ ಎಂದು ಲೆಕ್ಕ ಹಾಕಿದವನು ನಾನು. ಕನ್ನಡಿಯೊಳಗೆ ನಿಂತವನನ್ನೂ ನನ್ನ ಸ್ಟೂಡೆಂಟೆಂದೇ ತಿಳಿದು, ಅವನ ಎಡಕ್ಕೆ ಅಂಟಿಸಿದ್ದೆ!

ಕುಂಞಿಯವರು ವೇದಿಕೆ ಹತ್ತಿ ಬಂದು ಪ್ಲಾಸ್ಟರಿನ ತುದಿ ಹಿಡಿದು ಪರ್ರೆಂದು ಎಳೆದರು. ಅದರ ಜೊತೆ ಎದೆಯ ರೋಮವೆಲ್ಲ ಬಂತು, ಗಾಯ ಮಾತ್ರ ಬರಲಿಲ್ಲ. ಗದ್ದೆಯಿಂದ ಬೊಬ್ಬೆ ಎದ್ದಿತು: "ಹಗ್ಗ ತನ್ನಿ! ಮಾಸ್ಟ್ರನ್ನು ಇಳಿಸಿ!"

ನೋಣಯ್ಯ ಹಗ್ಗವನ್ನು ಹೊತ್ತುಕೊಂಡೇ ಬಂದ. ನನಗೆ ನಿಜವಾಗಿ ಹೆದರಿಕೆಯಾಯಿತು. ತೂತು ಮುಚ್ಚಿ ಎಷ್ಟು ದಿನ ಆಗಿದೆಯೆಂದು? ಎಳೆದಾಟದಲ್ಲಿ ಅದು ಬಿಚ್ಚಿಕೊಂಡರೆ? ಡಾಕ್ಟರು ಸರಿಮಾಡಿದ ಹೃದಯ ಪೇಟದ ಕೆಳಗಿನ ಕಿವಿಯಲ್ಲೇ ಡಬಡಬ ಎನ್ನತೊಡಗಿತು. ಕರೆಯಬೇಡಿ ಎಂದಿದ್ದವಳನ್ನೇ ಕರೆದೆ.

"ಸುಂದರೀ!"

ಸುಂದರಿ ಸೆರಗು ಸಿಕ್ಕಿಸಿಕೊಂಡು ವೇದಿಕೆಗೆ ಬಂದಳು. ನೋಣಯ್ಯನ ಕೈಯಿಂದ ಹಗ್ಗ, ನಿತೇಶನ ಕೈಯಿಂದ ಮೈಕು, ಎರಡನ್ನೂ ಕಿತ್ತುಕೊಂಡಳು.

"ಯಾರೂ ಇವರನ್ನು ಮುಟ್ಟಬೇಡಿ! ಆಪರೇಷನ್ ಆದದ್ದು ನಿಜ. ನಾನು ಆಸ್ಪತ್ರೆಯ ಬಾಗಿಲಲ್ಲಿ ಕೂತು ಅತ್ತದ್ದೂ ನಿಜ. ಗಾಯ ನೋಡದೆ ರೋಗ ನಂಬದವರು ನೀವು, ಗಾಯ ಎಲ್ಲಿ ಅಂತ ಹೇಳ್ಲಿಕ್ಕೆ ನಾಚುವವರು ಇವರು. ಎರಡು ಕಡೆಯವರಿಗೂ ಬುದ್ಧಿ ಇಲ್ಲ! ತೂತು ಮಾಡಿದ್ದು ಎದೆಯಲ್ಲಿ ಅಲ್ಲ, ತೊಡೆಸಂದಿನಲ್ಲಿ! ಕೇಳಿತಾ? ತೊಡೆಸಂದಿನಲ್ಲಿ!"

ಮೈಕು ಹೊಸದು. ಬೆಳ್ತಂಗಡಿಯವರೆಗೂ ಕೇಳಿರಬೇಕು. ಮುಂದಿನ ಸಾಲಿನ ನನ್ನ ಹಳೆಯ ವಿದ್ಯಾರ್ಥಿನಿಯರು ಮುಖ ಮುಚ್ಚಿಕೊಂಡರು, ಅವರ ಅತ್ತೆಯಂದಿರು ಮುಚ್ಚಿಕೊಳ್ಳಲಿಲ್ಲ. ನೋಣಯ್ಯ ಹಗ್ಗ ಬಿಟ್ಟ ಕೈಯನ್ನು ಪಂಚೆಗೆ ಒರೆಸಿಕೊಂಡ.

ನಿತೇಶ ವಿನಯದಿಂದ ಮೈಕಿಗೆ ಬಾಯಿ ತಂದ. "ಅಕ್ಕಾ, ಎಡ ತೊಡೆಯಾ, ಬಲ ತೊಡೆಯಾ?"

"ಬಲ. ನನ್ನನ್ನು ಕೇಳಿದ್ದು ಒಳ್ಳೇದಾಯ್ತು. ಇವರನ್ನು ಕೇಳಿದ್ರೆ ಕನ್ನಡಿ ತರಬೇಕಿತ್ತು!"

ಊರು ಕೆಸರಿನಲ್ಲಿ ಬಿದ್ದು ಹೊರಳಾಡಿ ನಕ್ಕಿತು. ನಗು ತಗ್ಗುವ ಹೊತ್ತಿಗೆ ನಿತೇಶ ಜೇಬಿನಿಂದ ಒಂದು ಕರ್ಚೀಫು ತೆಗೆದು, ನನ್ನ ಕಾಲು ಮುಟ್ಟಿ ನಮಸ್ಕರಿಸಿ ಹೇಳಿದ:

"ಎಡಗೈ ಕೊಡಿ ಮಾಸ್ಟ್ರೇ, ಗುರುತಿಗೆ ಕಟ್ಟುತ್ತೇನೆ."

ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ. ಶಿಸ್ತಿನ ಸಿಪಾಯಿಯ ಹಾಗೆ ಅಟೆನ್ಶನ್‌ನಲ್ಲಿ ನಿಂತು, ಎದೆಯುಬ್ಬಿಸಿ, ಕೈ ಚಾಚಿದೆ.

ಬಲಗೈ!