ಪಿಳ್ಳಪ್ಪ ಮೇಸ್ತ್ರಿಯ ಮೆತ್ತನೆ ಗಾರೆ

'ಗೊತ್ತಿಲ್ಲ' ಎನ್ನುವ ಒಂದು ಮಾತು ಬಾಯಿಂದ ಹೊರಡದೆ ಪಿಳ್ಳಪ್ಪ ಮೇಸ್ತ್ರಿ ಕೆಟ್ಟ.

ಯುದ್ಧದ ಕಾಲ. ಹೊಸಕೋಟೆಯಿಂದ ನಂದಗುಡಿಗೆ ಹೋಗುವ ದಾರಿಯಲ್ಲಿ ಗಾಯಾಳು ಸೋಲ್ಜರುಗಳ ಶಿಬಿರವೊಂದಿತ್ತು. ಅವರು ಈಜಾಡಿ ಕೈಕಾಲು ಸಡಿಲಿಸಿಕೊಳ್ಳಲೆಂದು ಕಾಂಕ್ರೀಟಿನ ಕೊಳ ಕಟ್ಟಿ, ಒಳಗೆ ಟಾರು ಬಳಿದ ಕ್ಯಾನ್ವಾಸು ಹಾಸಿದ್ದರು. ತಳ ಬಿರುಕು ಬಿಟ್ಟಿತು. ಬಿರುಕಿನ ಅಂಚಿಗೆ ಉಜ್ಜಿ ಕ್ಯಾನ್ವಾಸು ಹರಿಯಿತು, ನೀರೆಲ್ಲ ಇಂಗಿತು. ಹೊಸ ಕ್ಯಾನ್ವಾಸೇನೋ ಬಂತು, ಆದರೆ ಹಾಸುವ ಮೊದಲು ತಳ ರಿಪೇರಿಯಾಗಬೇಕು.

"ಸಿಮೆಂಟ್ ಕೆಲಸ ಬರುತ್ತೇನಯ್ಯ?" ಎಂದು ಓವರ್ಸಿಯರ್ ನರಸಿಂಹಯ್ಯ ಕೇಳಿದ.

ಪಿಳ್ಳಪ್ಪನದು ಮೂರು ತಲೆಮಾರಿನ ಸುಣ್ಣದ ಗಾರೆ ಕೆಲಸ. ಸಿಮೆಂಟನ್ನು ಅವನು ಮೂಟೆಯ ಹೊರಗಿನಿಂದಷ್ಟೇ ನೋಡಿದ್ದ. "ಅದೇನ್ ಬ್ರಹ್ಮವಿದ್ಯೆನಾ ಸ್ವಾಮಿ? ಕಣ್ಮುಚ್ಕೊಂಡು ಮಾಡ್ತೀನಿ" ಅಂದುಬಿಟ್ಟ.

ಬೆಳಿಗ್ಗೆ ಬಿರುಕನ್ನು ಉಳಿಯಿಂದ ಬಿಡಿಸಿದರೆ ಸುತ್ತಲೂ ಟೊಳ್ಳು ಸದ್ದು. ತಳದ ಮೇಲ್ಪದರವನ್ನೆಲ್ಲ ಕೆತ್ತಿ ಹೊಸದಾಗಿ ಎರಡು ಬೆರಳು ದಪ್ಪ ಮೆತ್ತಬೇಕಾಯಿತು. ಮರಳು ಹೊರುತ್ತಿದ್ದ ಪಾಪಕ್ಕ ಬಾಂಡ್ಲಿ ಇಳಿಸಿ ಇಣುಕಿದಳು.

"ಬೆಲ್ಲದ ನೀರಿಲ್ದೆ ಗಾರೆ ಕಚ್ಚುತ್ತಾ ಮೇಸ್ತ್ರಿ? ನಿಮ್ಮ ತಾತ ನಮ್ಮೂರ ಕಲ್ಯಾಣಿಗೆ ಗಡಿಗೆಗಟ್ಲೆ ಹಾಕಿದ್ರಂತೆ."

ಬೇಡವೆಂದರೆ ಯಾಕೆ ಬೇಡವೆಂದು ಹೇಳಬೇಕು. ಹೇಳುವುದಕ್ಕೆ ಗೊತ್ತಿರಬೇಕು. "ನಾನೂ ಅದೇ ಯೋಚ್ನೆ ಮಾಡ್ತಿದ್ದೆ" ಎಂದು ಪಿಳ್ಳಪ್ಪ ಬೆಲ್ಲ ತರಿಸಿ, ಕರಗಿಸಿ ಸಿಮೆಂಟಿಗೆ ಸುರಿದ.

ಶಿಬಿರದ ಅಡುಗೆಯ ಲಾಲ್ ಸಾಬ್ ಸುಮ್ಮನಿದ್ದಾನೆಯೇ? "ಮೊಟ್ಟೆ ಬಿಳೀದು ಹಾಕಪ್ಪ, ಕಲ್ಲಾಗ್ತದೆ" ಎಂದು ಎರಡು ಡಜನ್ ಒಡೆದು ತಂದ. ಅದೂ ಬಿತ್ತು.

ಮಧ್ಯಾಹ್ನದ ಬಿಸಿಲಿಗೆ ಸುಣ್ಣವಾಗಿದ್ದರೂ ಬಿಗಿಯುತ್ತಿತ್ತು. ಬೆಲ್ಲ ಬಿದ್ದ ಸಿಮೆಂಟು ಬಿಗಿಯಲಿಲ್ಲ. ಇರುವೆಗಳು ಮಾತ್ರ ಮದುವೆ ಊಟಕ್ಕೆ ಬಂದಂತೆ ಸಾಲುಗಟ್ಟಿ ಬಂದವು. ಲಾಲ್ ಸಾಬ್ ಬೆರಳಿಂದ ಒತ್ತಿ, ಮೂಸಿ, "ಹಲ್ವ ಹದ ಸರಿಯಾಗೈತೆ, ಏಲಕ್ಕಿ ಇಲ್ಲ ಅಷ್ಟೇ" ಎಂದ. ಪಿಳ್ಳಪ್ಪನಿಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ನರಸಿಂಹಯ್ಯ ಓಡಿಬಂದ. "ವಿಲಾಯತಿಯಿಂದ ಬಂದಿರೋ ಹೊಸ ಸಾಹೇಬರು ನೋಡೋಕೆ ಬರ್ತಿದಾರೆ. ಕ್ಯಾನ್ವಾಸ್ ಹಾಸಯ್ಯ."

"ಇನ್ನೂ ವಸಿ ಹಸಿ ಐತೆ ಸ್ವಾಮಿ."

"ಕಣ್ಮುಚ್ಕೊಂಡು ಮಾಡ್ತೀನಿ ಅಂದ್ಯಲ್ಲ? ಮುಚ್ಚು ಈಗ."

ಮುಚ್ಚಿದರು. ಸಾಹೇಬ ಬಂದವನೇ ಬೂಟು ಕಳಚಿ ಬರಿಗಾಲಲ್ಲಿ ಕೊಳಕ್ಕಿಳಿದ. ಹೆಜ್ಜೆ ಇಟ್ಟಲ್ಲೆಲ್ಲ ತಳ ಒಳಕ್ಕೆ ಹೋಯಿತು. ಅವನು ನಿಂತ, ಬಗ್ಗಿ ನೋಡಿದ, ಮತ್ತೆ ನಡೆದ. ಪ್ರತಿ ಹೆಜ್ಜೆಯೂ ಪಿಳ್ಳಪ್ಪನ ಎದೆಯ ಮೇಲೆ ಬಿದ್ದಂತಾಯಿತು. ತಾತ ಕಟ್ಟಿದ ಕಲ್ಯಾಣಿಯಲ್ಲಿ ಇನ್ನೂ ಒಂದು ಹನಿ ಸೋರುವುದಿಲ್ಲ. ಅವನ ಮೊಮ್ಮಗ ಹಲ್ವ ಕಾಸಿದ್ದಾನೆ.

ತಡೆಯಲಾಗಲಿಲ್ಲ. ತಲೆಯ ವಸ್ತ್ರ ತೆಗೆದು ಕೈಮುಗಿದ.

"ಸ್ವಾಮಿ, ನಂಗೆ ಸಿಮೆಂಟ್ ಕೆಲಸ ಬರಾಕಿಲ್ಲ. ಸುಳ್ಳು ಹೇಳ್ದೆ. ಬೆಲ್ಲ, ಮೊಟ್ಟೆ ಕಲಸಿ ಹಾಳ್ಮಾಡ್ಬಿಟ್ಟೆ. ಹಂಗೇ ಸಾಹೇಬ್ರಿಗೆ ಹೇಳ್ಬಿಡಿ."

ಹೇಳಿದ ಮೇಲೆ ಮೈಯೆಲ್ಲ ಹಗುರಾಯಿತು. ನರಸಿಂಹಯ್ಯನ ಮುಖ ಮಾತ್ರ ಬಿಳಿಚಿಕೊಂಡಿತು. ಅವನು ಸಾಹೇಬನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದ. ಕೇಳುತ್ತ ಕೇಳುತ್ತ ಸಾಹೇಬನ ಮುಖ ಅರಳಿತು. ಮೇಲೆ ಹತ್ತಿ ಬಂದು ಪಿಳ್ಳಪ್ಪನ ಕೈ ಹಿಡಿದು ಕುಲುಕಿದ. ತಪ್ಪು ಒಪ್ಪಿಕೊಂಡವನಿಗೆ ಇಷ್ಟು ಮರ್ಯಾದೆಯೇ? ಪಿಳ್ಳಪ್ಪನ ಕಣ್ಣು ತುಂಬಿತು.

"ಕ್ಷಮಿಸಿದ್ರಾ ಸ್ವಾಮಿ?"

"ಕ್ಷಮಿಸೋದೇನು, ಮೆಚ್ಕೊಂಡ್ರು" ಎಂದ ನರಸಿಂಹಯ್ಯ, ತುಟಿ ಅಲ್ಲಾಡದಂತೆ. "ನಿನ್ನನ್ನ ಕರ್ಕೊಂಬಂದೋನು ನಾನು ಕಣಯ್ಯ, ನನ್ನ ಕೆಲಸ ಉಳೀಬೇಡ್ವಾ? ಗಾಯದ ಕಾಲಿಗೆ ನೋವಾಗ್ದಿರ್ಲಿ ಅಂತ ಬೇಕಂತ್ಲೇ ಮೆತ್ತಗೆ ಮಾಡಿದೀನಿ, ಇದು ನಮ್ಮ ವಂಶದ ಗುಟ್ಟು ಅಂತ ಈ ಮೇಸ್ತ್ರಿ ಹೇಳ್ತಾನೆ ಅಂದೆ."

"ಅದಕ್ಕವ್ರು?"

"ಸೋಮವಾರ ನೀನು ಬೆಂಗಳೂರಿಗೆ ಹೊರಡಬೇಕಂತೆ. ಅಲ್ಲಿ ದಂಡಿನ ಕೊಳ ಇದರ ನಾಲ್ಕರಷ್ಟಿದೆ. ನೀನು ಮೆತ್ತೋದನ್ನ ನೋಡಿ ಕಲಿಯೋಕೆ ಇಂಜಿನಿಯರುಗಳನ್ನೆಲ್ಲ ಕರೆಸ್ತಾರಂತೆ."

ಪಿಳ್ಳಪ್ಪ ಕೊಳದ ದಂಡೆಯ ಮೇಲೆ ಕುಸಿದು, ವಸ್ತ್ರದಿಂದ ಮುಖ ಮುಚ್ಚಿಕೊಂಡು ಬಿಕ್ಕಿದ. ಆನಂದಬಾಷ್ಪವೆಂದುಕೊಂಡ ಸಾಹೇಬ ಪಕ್ಕದಲ್ಲೇ ಕೂತು ಅವನ ಬೆನ್ನು ತಟ್ಟುತ್ತಲೇ ಇದ್ದ.