ಕೆಂಪು ವೈರು, ಕಪ್ಪು ವೈರು

ಎಲ್ಲಾ ರಗಳೆಗೂ ಮೂಲ ಎರಡು ಮೊಳ ವೈರು. ಪ್ರಯೋಗಾಲಯದ ಜೆಲ್ ಪೆಟ್ಟಿಗೆಯ ಹಳೆಯ ವೈರುಗಳು ಸುಟ್ಟುಹೋಗಿದ್ದವು. ಬೆಳಿಗ್ಗೆಯೇ ಎಲೆಕ್ಟ್ರಿಷಿಯನ್ ಬಂದು ಪೆಟ್ಟಿಗೆಯ ಮುಚ್ಚಳಕ್ಕೆ ಹೊಸದಾಗಿ ಒಂದು ಕೆಂಪು, ಒಂದು ಕಪ್ಪು ವೈರು ಬೆಸೆದು, "ಇನ್ನು ಹತ್ತು ವರ್ಷ ಈ ಕಡೆ ತಿರುಗಿ ನೋಡ್ಬೇಡಿ ಸಾರ್" ಎಂದು ಹೊರಟುಹೋದ.

ಭತ್ತಣ್ಣ ಕೈಮುಗಿದ. ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕಷ್ಟೇ ಗೊತ್ತು. ಭತ್ತದ ತಳಿಗಳ ಬೆನ್ನು ಹತ್ತಿದವನನ್ನು ಇಡೀ ಸಂಸ್ಥೆ ಹಾಗೇ ಕರೆಯುತ್ತಿತ್ತು. ಇಪ್ಪತ್ತು ತಳಿಗಳ ಎಲೆ ಅರೆದು, ಡಿಎನ್‌ಎ ತೆಗೆದು, ಗುರುತಿಗೆಂದು ಆರಿಸಿದ ತುಣುಕುಗಳನ್ನು ಲೋಳೆಯಂತೆ ಹೆಪ್ಪುಗಟ್ಟಿದ ಜೆಲ್ ಹಲಗೆಯ ಒಂದು ತುದಿಯ ಗುಳಿಗಳಲ್ಲಿ ತುಂಬಿ ಕರೆಂಟು ಕೊಡಬೇಕು. ತುಣುಕುಗಳು ಇನ್ನೊಂದು ತುದಿಗೆ ಓಡುತ್ತವೆ, ಚಿಕ್ಕವು ಮುಂದೆ, ದೊಡ್ಡವು ಹಿಂದೆ. ಯಾವ ತಳಿ ಯಾವುದಕ್ಕೆ ನೆಂಟ, ಯಾವುದಕ್ಕೆ ಯಾವ ಸಂಬಂಧವೂ ಇಲ್ಲ ಎಂಬುದು ಆ ಓಟದಲ್ಲಿ ಬಯಲಾಗುತ್ತದೆ.

ಆ ಓಟದ ಫೋಟೋ ಸಂಜೆ ಪರಿಶೀಲನಾ ಸಮಿತಿಯ ಮುಂದಿರಬೇಕು. ಇದ್ದರೆ ಭತ್ತಣ್ಣನ ಗುತ್ತಿಗೆ ಕೆಲಸ ಮುಂದುವರಿಯುತ್ತದೆ, ಇಲ್ಲದಿದ್ದರೆ ಮನೆ. ಮನೆಯಲ್ಲೋ ಮಾವ, "ಅಕ್ಕಿ ಗುರುತು ಹಿಡಿಯೋಕೆ ಮಿಷಿನ್ ಯಾಕೆ ಅಳಿಯಂದ್ರೆ, ಬೇಯಿಸಿ ನೋಡಿದ್ರಾಯ್ತಲ್ಲ" ಎಂದು ಆಗಲೇ ಹಲ್ಲು ಕಿರಿಯುತ್ತಿದ್ದಾರೆ. ಸಾಲದ್ದಕ್ಕೆ ಉಳಿದಿದ್ದ ಮಾದರಿ ಒಂದೇ ಸಲಕ್ಕೆ ಆಗುವಷ್ಟು.

ಕರೆಂಟಿನ ಡಬ್ಬದ ಕೆಂಪು ತೂತಿಗೆ ಕೆಂಪು ವೈರು, ಕಪ್ಪಿಗೆ ಕಪ್ಪು ಚುಚ್ಚಿದ. ಜೆಲ್ ಮುಳುಗಿಸಿದ್ದ ನೀರಲ್ಲಿ ಗುಳ್ಳೆ ಎದ್ದವು. ಅಷ್ಟರಲ್ಲಿ ನಿರ್ದೇಶಕಿ ಮೇಡಂ ಕರೆದರು. ಸಂಜೆಯ ಸಭೆಗೆ ಕುರ್ಚಿ ಜೋಡಿಸಿ ವಾಪಸ್ ಬಂದರೆ ಕೆಂಪು ವೈರು ಕಪ್ಪು ತೂತಿನಲ್ಲಿದೆ! ಕಣ್ಣಿಗೆ ಕಾಣದ ಡಿಎನ್‌ಎ ಎಲ್ಲಿದೆಯೆಂದು ತೋರಿಸಲು ಬೆರೆಸುವ ನೀಲಿ ಬಣ್ಣ, ಹೊರಟಲ್ಲೇ ನಿಂತಿದೆ.

"ಯಾವನಪ್ಪಾ ಇವನು, ನನ್ನ ಅನ್ನಕ್ಕೆ ಕಲ್ಲು ಹಾಕ್ತಿರೋನು!"

ಹಲ್ಲು ಕಡಿಯುತ್ತಾ ವೈರು ಅದಲು ಬದಲು ಮಾಡಿದ. 'ಮುಟ್ಟಬೇಡಿ' ಎಂದು ಚೀಟಿ ಅಂಟಿಸಿದ. ಮೇಡಂ ಮತ್ತೆ ಕರೆದರು, ಪ್ರೊಜೆಕ್ಟರ್ ಹತ್ತುತ್ತಿಲ್ಲ. ಬಂದು ನೋಡಿದರೆ ಚೀಟಿ ಇದ್ದಲ್ಲೇ ಇದೆ, ವೈರು ಮತ್ತೆ ತಿರುಗುಮುರುಗು. ಭತ್ತಣ್ಣನಿಗೆ ಅಳು ಬರುವುದೊಂದು ಬಾಕಿ.

ಹೊರಗೆ ಮೆಕ್ಕೆಜೋಳದ ವಿಭಾಗದ ಜೋಳದಕ್ಕ ಎದುರಾದಳು. "ಭತ್ತಣ್ಣಾ, ನಿನ್ನ ಜೆಲ್ ಇದ್ಯಲ್ಲ..."

"ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಇವತ್ತೊಂದಿನ ಸಲಹೆ ಬೇಡ!"

ಹಿಂದೆಯೇ ಕೀಟದ ಸಾರ್ ಬಾಯಿ ತೆರೆದರು. "ಅಲ್ಲಯ್ಯಾ, ಆ ವೈರು..."

"ನಿಮ್ಮ ಹುಳ ನೀವು ನೋಡ್ಕೊಳ್ಳಿ ಸಾರ್!"

ಇನ್ನು ಯಾರನ್ನೂ ನಂಬುವುದಿಲ್ಲ ಎಂದು ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಮತ್ತೊಮ್ಮೆ ಚುಚ್ಚಿ, ಹೊರಗೆ ಬಂದು ಬಾಗಿಲಿಗೆ ಬೀಗ ಜಡಿದು, ಅದಕ್ಕೆ ಬೆನ್ನು ಕೊಟ್ಟು ಸಂಜೆಯವರೆಗೂ ಕೂತ. ಒಂದು ನೊಣವನ್ನೂ ಒಳಗೆ ಬಿಡಲಿಲ್ಲ.

ಸಮಿತಿ ಬಂತು. ಅವರೆದುರೇ ಜೆಲ್ ತಂದು ಕ್ಯಾಮೆರಾ ಕೆಳಗಿಟ್ಟ, ಪರದೆಯ ಮೇಲೆ ಫೋಟೋ ಮೂಡಿತು. ಒಂದು ಗೆರೆಯಿಲ್ಲ. ಖಾಲಿ ಗುಳಿಗಳ ಸಾಲು ಮಾತ್ರ, ಹಲ್ಲು ಉದುರಿದ ಬಾಯಿಯ ಹಾಗೆ.

"ಇಪ್ಪತ್ತು ತಳಿ ಎಲ್ರೀ?" ಎಂದು ಮೇಡಂ ಗುಡುಗಿದರು.

"ಯಾರೋ ಬೇಕಂತಲೇ ವೈರು ಬದಲಾಯಿಸಿದಾರೆ ಮೇಡಂ!" ಎಂದ ಭತ್ತಣ್ಣ.

"ಹೌದು ಮೇಡಂ," ಎಂದಳು ಜೋಳದಕ್ಕ. "ನಾನು ನೋಡಿದಾಗ ನೀಲಿ ಬಣ್ಣ ಉಲ್ಟಾ ಓಡ್ತಿತ್ತು. ಪಾಪ ಅಂತ ವೈರು ತಿರುಗಿಸಿ ಸರಿ ಮಾಡ್ದೆ."

"ಆಮೇಲೆ ನಾನು ನೋಡಿದಾಗ್ಲೂ ಉಲ್ಟಾನೇ," ಎಂದರು ಕೀಟದ ಸಾರ್. "ನಾನೂ ಸರಿ ಮಾಡ್ದೆ. ನಾವು ಸರಿ ಮಾಡಿದ್ದನ್ನೆಲ್ಲಾ ಯಾವನೋ ಕೆಡಿಸಿದಾನೆ."

ಭತ್ತಣ್ಣ ದಡಕ್ಕನೆ ಎದ್ದ. ಪಕ್ಕದ ಕೋಣೆಗೆ ಓಡಿ ಮುಚ್ಚಳ ಎತ್ತಿ ನೋಡಿದ. ಗುಳಿಗಳ ಕಡೆ ಕಪ್ಪು ವೈರು ಇರಬೇಕಾದಲ್ಲಿ ಪುಣ್ಯಾತ್ಮ ಎಲೆಕ್ಟ್ರಿಷಿಯನ್ ಕೆಂಪನ್ನು ಬೆಸೆದಿದ್ದ. ಡಿಎನ್‌ಎ ಓಡುವುದು ಯಾವಾಗಲೂ ಕೆಂಪಿನ ಕಡೆಗೆ, ಹಾಗಾಗಿ ಅದು ಹಿಂದಕ್ಕೆ ಓಡಿ, ಜೆಲ್ ದಾಟಿ, ನೀರಿಗೆ ಬಿದ್ದು ಕರಗಿಹೋಗಿತ್ತು. ಕೆಡಿಸಿದವನ ಬೆರಳುಗಳು ಭತ್ತಣ್ಣನ ಕೈಯಲ್ಲೇ ಇದ್ದವು.

ಮೇಡಂ ಬಾಗಿಲಿಗೇ ಬಂದರು. "ನೀವೇ ವಿಚಾರಣೆ ಮಾಡಿ. ಶುಕ್ರವಾರದೊಳಗೆ ಆ ಕೆಡಿಸಿದವನ ಹೆಸರು ನನಗೆ ಬೇಕು, ಆವತ್ತೇ ಅವನನ್ನ ಕೆಲಸದಿಂದ ತೆಗೀತೀನಿ. ಹೆಸರು ಸಿಗ್ಲಿಲ್ವೋ, ನೀವು ಹೊರಡಿ."

ಮನೆಗೆ ಹೊರಟಾಗ ಹೆಂಡತಿಯ ಫೋನು. ನಡೆದದ್ದನ್ನು ಅರ್ಧ ಹೇಳಿದ.

"ಅಯ್ಯೋ, ಅವನ ಮನೆ ಹಾಳಾಗ! ಯಾರ ಮೇಲಾದ್ರೂ ಅನುಮಾನ ಇದ್ಯಾ?"

"ಅನುಮಾನ ಏನು, ಸಿಕ್ಕೇ ಬಿದ್ದಿದಾನೆ. ಮನೆಗೇ ಕರ್ಕೊಂಡು ಬರ್ತಿದೀನಿ."

ಅತ್ತ ಕಡೆ ಅಕ್ಕಿ ಡಬ್ಬದ ಮುಚ್ಚಳ ತೆರೆದ ಸದ್ದು.

"ಹಾಗಾದ್ರೆ ಒಂದು ಲೋಟ ಅಕ್ಕಿ ಜಾಸ್ತಿ ಹಾಕ್ಲೇನ್ರೀ?"