ಅಮ್ಮನ ಅರ್ಜಿಗೆ ಏಳು ಬಗೆ ಬಿಸ್ಕತ್ತು

ಈ ಮಂಗಳವಾರ ಅಮ್ಮನನ್ನು ವೃದ್ಧಾಶ್ರಮಕ್ಕೆ ಸೇರಿಸಲು ಪುರಸಭೆಯ ಒಪ್ಪಿಗೆ ಪಡೆದೇ ತೀರುತ್ತೇನೆ! ಹೆಂಡತಿ ಗುನಿಲ್ಲಾಳ ಮುಂದೆ ಹೀಗೆಂದು ಭೀಷ್ಮಪ್ರತಿಜ್ಞೆ ಮಾಡಿದೆ.

"ನಿಮ್ಮಮ್ಮ ಒಪ್ಪಿದ್ದಾರಾ?"

"ಪುರಸಭೆಯವರು ಒಪ್ಪಿದ್ರೆ ಸಾಕು."

"ಹಾಗಾದ್ರೆ ಊಟ ಎತ್ತಿಟ್ಟಿರ್ತೀನಿ. ಸೋತು ಬಂದವರಿಗೆ ಹಸಿವು ಜಾಸ್ತಿ."

ಅಮ್ಮನಿಗೆ ಎಂಬತ್ತೇಳು. ಸ್ವೀಡನ್ನಿನ ಉತ್ತರದ ಹಳ್ಳಿಯಲ್ಲಿ, ನಮ್ಮ ಮನೆಯಿಂದ ಎರಡು ಗಂಟೆ ದೂರದಲ್ಲಿ, ಒಬ್ಬಳೇ ಇದ್ದಾಳೆ. ಎರಡು ವರ್ಷದಿಂದ ವಾರಕ್ಕೆರಡು ಸಲ ಹೋಗಿ ಅಂಗಳದ ಹಿಮ ಎತ್ತುತ್ತೇನೆ, ಔಷಧಿ ಕೊಡುತ್ತೇನೆ, ಬಲ್ಬು ಬದಲಿಸುತ್ತೇನೆ. ಫೋನು ಬಡಿದುಕೊಂಡರೆ ಜೀವ ಬಾಯಿಗೆ ಬರುತ್ತದೆ. ಸುಳ್ಳೇಕೆ, ನನಗೆ ಸಾಕಾಗಿಹೋಗಿತ್ತು. ಅಮ್ಮ ಎಲ್ಲಿ ಬೀಳುತ್ತಾಳೋ ಎಂಬ ಭಯ ಒಂದು ಕಡೆ, ಅವಳಿಗಿಂತ ಮೊದಲು ನಾನೇ ಬಿದ್ದುಹೋಗುತ್ತೇನೆಂಬ ಭಯ ಇನ್ನೊಂದು ಕಡೆ! ಅರ್ಜಿಯಲ್ಲಿ ಧಾರಾಳವಾಗಿ ಬರೆದಿದ್ದೆ: 'ಮರೆವು ಹೆಚ್ಚು. ಒಲೆಯ ಮೇಲೆ ಗಮನವಿಲ್ಲ. ಬೀಳುವ ಅಪಾಯವಿದೆ.' ಮಂಗಳವಾರ ಹನ್ನೊಂದು ಗಂಟೆಗೆ ಪುರಸಭೆಯ ಅಧಿಕಾರಿ ಮಾಲಿನ್ ಬಂದು ಪರೀಕ್ಷಿಸುವವರಿದ್ದರು. ಅಮ್ಮ ಮಾಡಬೇಕಾದದ್ದು ಇಷ್ಟೇ, ಸ್ವಲ್ಪ ಸೋತವಳಂತೆ ಕಾಣುವುದು.

ಅಂದು ಅಮ್ಮನ ಮನೆ ಬಾಗಿಲು ತೆರೆದರೆ ಬೆಣ್ಣೆಯ ಘಮಘಮ! ಅಮ್ಮ ತುಟಿಗೆ ಬಣ್ಣ ಹಚ್ಚಿ, ಕೂದಲು ಸುರುಳಿ ಮಾಡಿಕೊಂಡು ನಿಂತಿದ್ದಳು. ಮೇಜಿನ ಮೇಲೆ ಏಳು ತಟ್ಟೆಗಳಲ್ಲಿ ಏಳು ಬಗೆ ಬಿಸ್ಕತ್ತು. ಮನೆಗೆ ಬಂದವರಿಗೆ ಕಾಫಿಯ ಜತೆ ಏಳಕ್ಕಿಂತ ಕಡಿಮೆ ಬಗೆ ಇಟ್ಟರೆ ಅಮ್ಮನ ಕಾಲದವರಿಗೆ ಮೂಗು ಕೊಯ್ದಷ್ಟು ಅವಮಾನ.

"ಏನಮ್ಮಾ ಇದು? ನಿನಗೆ ಕೈಲಾಗಲ್ಲ ಅಂತ ಬರೆದಿದ್ದೀನಿ!"

"ಬರೆದಿದ್ದು ನಿನ್ನಿಷ್ಟ ಕಣೋ. ಮರ್ಯಾದೆ ನಂದು."

"ಒಂದೇ ಒಂದು ಗಂಟೆ ಕೈಲಾಗದವಳ ಹಾಗೆ ಇರಮ್ಮಾ!"

"ಅರವತ್ತೊಂದು ವರ್ಷದಿಂದ ನೀನು ಹಾಗೇ ಇದ್ದೀಯಲ್ಲ. ಮನೇಲಿ ಒಬ್ಬರು ಸಾಕು."

ಅವಳು ಸರ ಹಾಕಿಕೊಳ್ಳಲು ಕೋಣೆಗೆ ಹೋದಳು. ಸಾಕ್ಷ್ಯನಾಶಕ್ಕೆ ಇದೇ ಸಮಯ! ಮೂರು ತಟ್ಟೆಗಳನ್ನು, ಕೆಳಗಿದ್ದ ಕಾಗದದ ಹಾಸಿನ ಸಮೇತ, ಓವನ್ನಿನೊಳಗೆ ತುರುಕಿದೆ. ಒಳಗಿಂದ ಅಮ್ಮ ಕೂಗಿದಳು:

"ಹೋಕನ್, ಓವನ್ ಹಚ್ಚೋ! ಬನ್ನು ಬಿಸಿ ಮಾಡ್ಬೇಕು."

ಒಳ್ಳೆಯ ಮಗನ ಹಾಗೆ ಹಚ್ಚಿದೆ. ಇನ್ನೂರೈವತ್ತು ಡಿಗ್ರಿ! ಮರೆವಿನ ಕಾಯಿಲೆ ಯಾರಿಗೆ? ಅರ್ಜಿಯ ಪ್ರಕಾರ ಅಮ್ಮನಿಗೆ.

ಹೊಗೆ ತುಂಬಿತು. ಚಾವಣಿಯ ಅಲಾರಂ ಊರೇ ಎದ್ದು ಬರುವಂತೆ ಅರಚಿತು. ಅದರ ಬಾಯಿ ಮುಚ್ಚಿಸಲು ಕುರ್ಚಿ ಹತ್ತಿದೆ, ಆಯ ತಪ್ಪಿ ಪರದೆ ಹಿಡಿದೆ. ಕುರ್ಚಿ ಒಂದು ಕಡೆ, ಪರದೆ ಸಮೇತ ನಾನೊಂದು ಕಡೆ! ಅಮ್ಮ ಅವಸರವಿಲ್ಲದೆ ಬಂದಳು, ಓವನ್ ಆರಿಸಿದಳು, ಕಿಟಕಿ ತೆರೆದಳು, ಊರುಗೋಲಿನ ತುದಿಯಿಂದ ಅಲಾರಂನ ಗುಂಡಿ ಒತ್ತಿದಳು. ಅದೇ ಗಳಿಗೆಯಲ್ಲಿ ಮಾಲಿನ್ ಒಳಗೆ ಬಂದರು.

"ಯಾರಿಗೆ ಏಟಾಯ್ತು?"

"ನನ್ನ ಮಗನಿಗೆ. ಬನ್ನಿ, ಕೂತ್ಕೊಳ್ಳಿ. ನಾಲ್ಕೇ ಬಗೆ ಉಳಿದಿದೆ, ತಪ್ಪು ತಿಳೀಬೇಡಿ."

ಪಾದ ಉಳುಕಿದ ನನ್ನನ್ನು ಮಾಲಿನ್ ಎತ್ತಿ ಸೋಫಾದ ಮೇಲೆ ಕೂರಿಸಿ, ಅಮ್ಮನಿಗೆ ಪ್ರಶ್ನೆ ಶುರುಮಾಡಿದರು.

"ಒಬ್ಬರೇ ಇರೋಕೆ ಭಯ ಆಗಲ್ವಾ?"

"ಆಗುತ್ತೆ. ಆದ್ರೆ ಗೊತ್ತಿಲ್ಲದ ಕೋಣೇಲಿ ಎದ್ದು, ನಾನೆಲ್ಲಿದ್ದೀನಿ ಅಂತ ಹುಡುಕೋದು ಇದಕ್ಕಿಂತ ದೊಡ್ಡ ಭಯ ಅಲ್ವಾ?"

ಅಮ್ಮ ಇದನ್ನು ನನಗೆ ಎಂದೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು. ಆದರೂ ಉತ್ತರ ಕೊಡಬೇಕಲ್ಲ! ಬಿಸಿ ಕಾಫಿ ಕುಡಿದು, ವಾದ ಹೊಂದಿಸಿಕೊಳ್ಳಲು ಎರಡೇ ನಿಮಿಷ ಕಣ್ಣು ಮುಚ್ಚಿದೆ.

ಕಣ್ಣು ತೆರೆದಾಗ ಕಿಟಕಿಯಾಚೆ ಕತ್ತಲಾಗುತ್ತಿತ್ತು. ಮೈಮೇಲೆ ಕಂಬಳಿ, ತಲೆಗೆ ದಿಂಬು, ಊದಿದ ಪಾದಕ್ಕೆ ತಣ್ಣೀರು ಬಟ್ಟೆ. ಮಾಲಿನ್ ಇರಲಿಲ್ಲ.

"ಏನಾಯ್ತಮ್ಮಾ?"

"ಹಿಮ ಎತ್ತೋಕೆ, ಔಷಧಿ ಕೊಡೋಕೆ ಇನ್ಮೇಲೆ ಪುರಸಭೆಯವರೇ ಬರ್ತಾರಂತೆ. ನೀನು ಸುಮ್ನೆ ಬಂದು ಮಲಗು. ಮಿಕ್ಕಿದ್ದು ಓದ್ಕೋ."

ಮಾಲಿನ್ ಬರೆದುಕೊಟ್ಟಿದ್ದ ಕಾಗದವನ್ನು ಅಮ್ಮನ ಕೈಯಿಂದ ಕಸಿದುಕೊಂಡು ಓದಿದೆ:

'ಶ್ರೀಮತಿ ಸಿಗ್ನೆ ಅವರು ಸ್ವಂತ ಮನೆಯಲ್ಲೇ ಇರುವುದು ಅಗತ್ಯ. ಕಾರಣ: ಅವರ ಆರೈಕೆಯನ್ನೇ ನಂಬಿರುವ ವಯಸ್ಸಾದ ವ್ಯಕ್ತಿಯೊಬ್ಬರು ಸೋಫಾದ ಮೇಲೆ ಮಲಗಿದ್ದಾರೆ.'